ಅಂಗಳದಲ್ಲೊಂದು ಮಾತಿನ ಸಂಜೆ: ಕೂಟ ನಡೆಸುವುದು ಹೇಗೆ?

ಕೊಡಗಿನ ಮನೆಯಂಗಳದಲ್ಲಿ ಒಂದು ಪ್ರಶ್ನೆಯಿಟ್ಟು ಎಲ್ಲರೂ ಮಾತಾಡುವ ಕೂಟ ಇದು. ಮೊದಲು ದಿನ ಗೊತ್ತು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆ ಆಸೆ ಬೇಡ. ಭತ್ತದ ಸುಗ್ಗಿಹಬ್ಬ ಪುತ್ತರಿ ಕಳೆಯಿತೆಂದರೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಉಳಿಯುವುದು ಏಪ್ರಿಲ್, ಮೇ. ಇಲ್ಲವೇ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಆಸುಪಾಸು. ಸಂಜೆ ನಾಲ್ಕಕ್ಕೆ ಶುರುವಾಗಿ ಎಂಟಕ್ಕೆ ಮುಗಿಯಲಿ. ಸಿದ್ದಾಪುರ, ಪೊನ್ನಂಪೇಟೆ ಕಡೆ ಕತ್ತಲಾದ ಮೇಲೆ ತೋಟದ ದಾರಿ ಆನೆಗಳದ್ದು.

ಜಾಗಕ್ಕೆ ಐನ್‌ಮನೆ, ಅಂದರೆ ಕುಲದ ಹಳೆಯ ಮೂಲಮನೆ, ಸಿಕ್ಕರೆ ಚೆಂದ. ಆದರೆ ಜಗಲಿಯ ಕಂಬಗಳ ನಡುವಿನ ಮರದ ಹಲಗೆ ಐಮರದಲ್ಲಿ ಹಿರಿಯರು ಕೂತರೆ ಕಿರಿಯರು ಕಂಬ ಹಿಡಿದು ನಿಲ್ಲುತ್ತಾರೆ, ಬಾಯಿ ಬಿಡುವುದಿಲ್ಲ. ಅಂಗಳದಲ್ಲಿ ಚಾಪೆ ಹಾಸಿ, ಎಲ್ಲರೂ ಸುತ್ತ ಕೂರಲಿ. ಯಾರಿಗಾದರೂ ಮಂಡಿನೋವಿದ್ದರೆ ಎಲ್ಲರಿಗೂ ಕುರ್ಚಿ. 30 ಜನ ಮೀರಬೇಡಿ. ಮೀರಿದರೆ ಮೈಕ್ ಬೇಕಾಗುತ್ತದೆ. ಮೈಕ್ ಬಂತೆಂದರೆ ಭಾಷಣವೂ ಬಂತು.

ಎಲ್ಲಕ್ಕಿಂತ ಕಷ್ಟ ಪ್ರಶ್ನೆ ಆರಿಸುವುದು. 'ಸತ್ಯ ಎಂದರೇನು' ಎಂದು ಕೇಳಿದರೆ ಓದಿಕೊಂಡ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಆಕಳಿಸುತ್ತಾರೆ. ಕಾಲಡಿಯ ನೆಲದಿಂದ ಎತ್ತಿಕೊಳ್ಳಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕೊಂಬೆ ಕಡಿದರೆ ತಪ್ಪು, ಬೇಲಿಯಾಚೆ ಅದೇ ಜಾತಿಯ ಮರ ಕಡಿದರೆ ಯಾಕೆ ತಪ್ಪಲ್ಲ? ಇದಕ್ಕೆ ತೋಟದ ಮಾಲೀಕರಿಗೂ ಉತ್ತರವಿದೆ, ಲೈನ್‌ಮನೆಯಲ್ಲಿರುವ ತೋಟದ ಕಾರ್ಮಿಕರಿಗೂ ಇದೆ. ಎರಡೂ ಒಂದೇ ಅಲ್ಲ. ಅದಕ್ಕೇ ಕಾರ್ಮಿಕರನ್ನೂ ಕರೆಯಿರಿ, ಬಡಿಸಲಿಕ್ಕಲ್ಲ, ಕೂರಲಿಕ್ಕೆ. ಕೊಡವರ ನುಡಿ ಕೊಡವ ತಕ್ಕ್, ಗೌಡರ ಅರೆಭಾಷೆ, ಮಲಯಾಳ, ಯಾವುದರಲ್ಲಾದರೂ ಆಡಲಿ. ಒಬ್ಬರು ಕನ್ನಡದಲ್ಲಿ ಸಾರ ಹೇಳಿದರಾಯಿತು. ಪ್ರಶ್ನೆ ಇಟ್ಟವರು ಮಾತ್ರ ಕೊನೆವರೆಗೂ ತೀರ್ಪು ಕೊಡಕೂಡದು.

ಊಟ ಮಾತಿನ ನಂತರ. ನಮ್ಮ ಮೊದಲ ಕೂಟದಲ್ಲಿ ಹಂದಿಮಾಂಸದ ಪಂದಿಕರಿ ಮೊದಲೇ ಬಡಿಸಿದ್ದೆವು. ಆಮೇಲೆ ಮಾತಾಡಿದ್ದು ಗೊರಕೆಯೊಂದೇ. ನಾಲ್ಕು ಗಂಟೆಗೆ ಬೆಲ್ಲದ ಕಾಫಿ ಸಾಕು. ಅಕ್ಕಿ ತರಿಯನ್ನು ಒಂದಕ್ಕೆರಡು ನೀರಲ್ಲಿ ಬೇಯಿಸಿ ಮುಚ್ಚಿಡಿ. ಮಾತು ನಡೆಯುತ್ತಿರುವಾಗಲೇ ಅದರ ತಟ್ಟೆ ಎಲ್ಲರ ಕೈಗೂ ಸುತ್ತಿ ಬರಲಿ, ಕೈಗೆ ನೀರು ಸವರಿಕೊಂಡು ಎಲ್ಲರೂ ಕಡಂಬುಟ್ಟು ಎಂಬ ಅಕ್ಕಿ ಉಂಡೆ ಕಟ್ಟಲಿ. ಕೈಗೆ ಕೆಲಸ ಸಿಕ್ಕರೆ ಸಂಕೋಚದವರಿಗೂ ಮಾತು ಬರುತ್ತದೆ, ಇದು ನಾನು ಕಂಡದ್ದು. ಆಮೇಲೆ ಹಬೆಯಲ್ಲಿ ಬೇಯಿಸಿದರಾಯಿತು. ಪಂದಿಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕುವುದು ಒಲೆಯಿಂದ ಇಳಿಸುವ ಮೊದಲಷ್ಟೇ, ಅದೂ ಹಿಡಿತದಲ್ಲಿ. ಮಾಂಸ ತಿನ್ನದವರಿಗೆ ಬೈಂಬಳೆ (ಕಳಲೆ) ಕರಿ. ಸೌಟು, ಪಾತ್ರೆ ಎರಡೂ ಬೇರೆ ಇರಲಿ.

ಕೊನೆಗೆ ದುಡಿ, ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಡೋಲು. ಚರ್ಮದ ವಾದ್ಯ, ತಂಪಿಗೆ ಸಡಿಲವಾಗುತ್ತದೆ. ಒಲೆಯ ಬಳಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಲು ಹಾಡುವವರಿಗೆ ಹೊತ್ತು ಕೊಡಿ. ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ಗೆ ನಾಲ್ವರು ಸಾಕು. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ತಿರುಗಿ ಹಾಡುತ್ತಾರೆ. ಆ ಸಂಜೆಯ ಪ್ರಶ್ನೆಯನ್ನು ಮೊದಲೇ ತಿಳಿಸಿದ್ದರೆ ನುರಿತವರು ಅದಕ್ಕೂ ಎರಡು ಸಾಲು ಕಟ್ಟುತ್ತಾರೆ. ಅವರ ಊಟ, ಸಂಭಾವನೆ, ಜೀಪಿನ ಬಾಡಿಗೆ ಮರೆಯಬೇಡಿ.

ಹೊರಡುವಾಗ ಟಾರ್ಚ್ ಎಣಿಸಿ. ಒಂದೇ ದಿಕ್ಕಿನವರು ಒಟ್ಟಿಗೆ ಹೋಗಲಿ.