ಲೇಸರ್ ಪೆನ್ನಿನಿಂದ ಕೂದಲಿನ ದಪ್ಪ ಅಳೆಯುವುದು ಹೇಗೆ?

ಹೈಸ್ಕೂಲಿನಲ್ಲಿ ಬೆಳಕಿನ ಪಾಠವನ್ನು ನಾನು ಶುರು ಮಾಡುವುದೇ ಈ ಪ್ರಯೋಗದಿಂದ. ಬೇಕಿರುವುದು ಕೆಂಪು ಲೇಸರ್ ಪೆನ್, ಹಳೇ ಲಗ್ನಪತ್ರಿಕೆ, ಸೆಲ್ಲೋಟೇಪ್, ಅಳತೆ ಟೇಪು, ಒಂದು ಕೂದಲು. ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಲೇಸರ್ ಯಾರ ಕಣ್ಣಿಗೂ ಬೀಳಬಾರದು. 1 ಮಿಲಿವ್ಯಾಟ್‌ಗಿಂತ ಕಡಿಮೆಯದ್ದನ್ನೇ ಕೊಳ್ಳಿ. ಕನ್ನಡಿ, ಸ್ಟೀಲ್ ಲೋಟ ಹತ್ತಿರ ಇದ್ದರೆ ತೆಗೆದಿಡಿ. ಮಕ್ಕಳ ಕೈಗೆ ಪೆನ್ ಬೇಡ. ಗುರುತು ಹಾಕುವುದು, ಅಳೆಯುವುದು ಅವರಿಗೇ ಬಿಡಿ.

ಲಗ್ನಪತ್ರಿಕೆಯಲ್ಲಿ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಅದರ ನಡುವೆ ಕೂದಲನ್ನು ಬಿಗಿಯಾಗಿ, ಮೇಲಿಂದ ಕೆಳಕ್ಕೆ ಬರುವಂತೆ ಅಂಟಿಸಿ. ಪೆನ್ನನ್ನು ಪುಸ್ತಕಗಳ ಮೇಲಿಟ್ಟು ಬೆಳಕು ಕೂದಲಿಗೇ ಬೀಳುವಂತೆ ಹೊಂದಿಸಿ. ಬಟನ್ ಒತ್ತಿಹಿಡಿಯಲು ಬಟ್ಟೆ ಕ್ಲಿಪ್ ಸಾಕು. ಕೂದಲಿನಿಂದ ಗೋಡೆಗೆ 3 ಮೀಟರ್ ಇರಲಿ. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಕೋಣೆ ಕತ್ತಲು ಮಾಡಿ.

ಕೂದಲಿನ ನೆರಳು ಕಾಣುತ್ತದೆ ಅಂತ ಮಕ್ಕಳೆಲ್ಲ ಕಾಯುತ್ತಾರೆ. ಕಾಣುವುದೇ ಬೇರೆ. ಕೂದಲು ನೆಟ್ಟಗಿದ್ದರೂ ಗೋಡೆಯ ಮೇಲೆ ಕೆಂಪು ಪಟ್ಟಿ ಅಡ್ಡಕ್ಕೆ ಹರಡಿರುತ್ತದೆ, ನಡುನಡುವೆ ಕಪ್ಪು ಬಿಡುವು. ಬೆಳಕು ಅಲೆ ಅಲ್ವಾ? ಕೂದಲಿನ ಎರಡೂ ಅಂಚಿನಲ್ಲಿ ಬಾಗಿ ಬಂದು ಗೋಡೆಯ ಮೇಲೆ ಸೇರುತ್ತದೆ. ಒಂದು ಅಲೆಯ ಉಬ್ಬಿಗೆ ಇನ್ನೊಂದರ ತಗ್ಗು ಎದುರಾದ ಕಡೆ ಕತ್ತಲು. 1803ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದಲ್ಲಿ ಇಂಥದ್ದನ್ನೇ ವಿವರಿಸಿದರು. ಕಿಟಕಿಯ ಸಣ್ಣ ತೂತಿನಿಂದ ಬಂದ ಬಿಸಿಲು, ಅದಕ್ಕೆ ಅಡ್ಡ ಒಂದು ತೆಳು ಕಾಗದದ ಚೂರು. ಲೇಸರ್ ಇಲ್ಲದೆ ಅದನ್ನು ಕಂಡರಲ್ಲ ಅಂತ ನನಗೆ ಇವತ್ತಿಗೂ ಬೆರಗು.

ಈಗ ಅಳತೆ. ನಡುವಿನ ಚುಕ್ಕೆ ತುಂಬ ಪ್ರಖರ, ಅದರ ಅಕ್ಕಪಕ್ಕ ಅಳೆಯಲು ಹೋಗಬೇಡಿ. ಎಡಗಡೆಯ ಮೂರನೇ ಕಪ್ಪಿಗೂ ಬಲಗಡೆಯ ಮೂರನೇ ಕಪ್ಪಿಗೂ ಪೆನ್ಸಿಲ್ ಗುರುತು ಹಾಕಿ. ಲೈಟ್ ಹಾಕಿದ ಮೇಲೆ ಅಳೆದು 6ರಿಂದ ಭಾಗಿಸಿ. 18 ಸೆಂಟಿಮೀಟರ್ ಬಂದರೆ ಒಂದು ಅಂತರ 30 ಮಿಲಿಮೀಟರ್. ಪೆನ್ನಿನ ಮೇಲೆ 650 ನ್ಯಾನೋಮೀಟರ್ ಅಂತಿದ್ದರೆ ತರಂಗದೂರ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, 0.00065 ಮಿಲಿಮೀಟರ್. ಅದನ್ನು ಗೋಡೆಯ ದೂರ 3000 ಮಿಲಿಮೀಟರ್‌ನಿಂದ ಗುಣಿಸಿ, ಅಂತರ 30ರಿಂದ ಭಾಗಿಸಿ. ಕೂದಲಿನ ದಪ್ಪ 0.065 ಮಿಲಿಮೀಟರ್!

ಕೂದಲು ತೆಳುವಾದಷ್ಟೂ ಕಪ್ಪು ಬಿಡುವುಗಳು ದೂರ ದೂರ ಸರಿಯುತ್ತವೆ. ಮಗುವಿನ ಕೂದಲು, ಅಜ್ಜಿಯ ಕೂದಲು ಹೋಲಿಸಿ ನೋಡಿ. ಹಳೇ ವೈರಿನ ತಾಮ್ರದ ಎಳೆಯೂ ನಡೆಯುತ್ತದೆ. ಅದರ ದಪ್ಪವನ್ನು ಸ್ಕ್ರೂಗೇಜಿನಲ್ಲಿ (ತೆಳು ವಸ್ತುಗಳ ದಪ್ಪ ಅಳೆಯುವ ಸಾಧನ) ಅಳೆದುಕೊಂಡರೆ ಲೆಕ್ಕ ತಿರುಗಿಸಿ ಲೇಸರಿನ ತರಂಗದೂರವನ್ನೇ ಕಂಡುಹಿಡಿಯಬಹುದು. ಲೇಬಲ್ಲಿನಲ್ಲಿ ಬರೀ 630–680 ನ್ಯಾನೋಮೀಟರ್ ಅಂತ ಬರೆದಿರುವ ಪೆನ್ನುಗಳಿಗೆ ಮೊದಲು ಇದನ್ನೇ ಮಾಡಿ.