ಬೀಗ ಹಾಕಿದ ಫ್ಲಾಟುಗಳನ್ನು ತೆರೆಸಿ ಆಡಿಟ್ ಮಾಡಿಸಿದ್ದು: ಮುಲುಂಡಿನ ನನ್ನ ಅನುಭವ

ಮುಂಬೈನ ಮುಲುಂಡಿನಲ್ಲಿರುವ ನಮ್ಮ ಕಟ್ಟಡ ಮೂವತ್ತು ವರ್ಷ ದಾಟಿದಾಗ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಾನೇ. ಮುಂಬೈ ಪಾಲಿಕೆ ಕಾಯ್ದೆಯ ಕಲಂ 353ಬಿ ಪ್ರಕಾರ ಇಂಥ ಕಟ್ಟಡವನ್ನು ಪಾಲಿಕೆಯಲ್ಲಿ ನೋಂದಣಿಯಾದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಸರ್ಟಿಫಿಕೇಟ್ ಸಲ್ಲಿಸಲೇಬೇಕು. ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಇನ್ನೂ ಬಿಗಿ. 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿಯಿದೆ ಎಂಬ ತಪಾಸಣೆ, ಆಮೇಲೆ 3 ವರ್ಷಕ್ಕೊಮ್ಮೆ.

ಎಂಜಿನಿಯರ್ ಸುಲಭವಾಗಿ ಸಿಕ್ಕರು. ಬೀಗ ಹಾಕಿದ ಫ್ಲಾಟುಗಳದ್ದೇ ಕಷ್ಟ. ಮಾಲೀಕರಲ್ಲಿ ಕೆಲವರು ಊರು ಸೇರಿದ್ದಾರೆ, ಕೆಲವರು ಗಲ್ಫಿನಲ್ಲಿದ್ದಾರೆ. "ಯಾರೂ ಇಲ್ಲದ ಮನೆಯಲ್ಲಿ ಏನು ಹಾಳಾಗುತ್ತೆ? ಬಿಟ್ಟುಬಿಡಿ" ಅಂದರು ಕಮಿಟಿಯಲ್ಲಿ. ನಾನು ಒಪ್ಪಲಿಲ್ಲ. ಮೇಲಿನ ಮನೆಯ ಬಾತ್‌ರೂಮ್ ಸೋರಿದರೆ ಅದು ಕಾಣುವುದು ಕೆಳಗಿನ ಮನೆಯ ಸೀಲಿಂಗಿನಲ್ಲಿ. ಕೆಳಗೆ ಬೀಗ ಇದ್ದರೆ ನೋಡುವವರೇ ಇಲ್ಲ. ನೀರು ಒಳಗಿನ ಕಬ್ಬಿಣಕ್ಕೆ ತಾಗುತ್ತೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿದ್ದು ಕಾಂಕ್ರೀಟನ್ನು ಒಡೆದು ತಳ್ಳುತ್ತೆ. 2017ರ ಜುಲೈನಲ್ಲಿ ಇಲ್ಲೇ ಘಾಟ್ಕೋಪರಿನಲ್ಲಿ ಒಂದು ಕಟ್ಟಡ ಕುಸಿದು 17 ಜನ ಸತ್ತರು. ಅದಾದ ಮೇಲೂ "ಬಿಟ್ಟುಬಿಡಿ" ಅನ್ನೋದು ಹೇಗೆ?

ಕುಂದಾಪುರದಲ್ಲಿರುವ ಒಬ್ಬ ಮಾಲೀಕರಿಗೆ ಫೋನ್ ಮಾಡಿದೆ. "ಅಲ್ಲ ಮಾರಾಯ್ರೆ, ನಾನಿಲ್ಲದಾಗ ಬೀಗ ತೆಗೆದರೆ ಸಾಮಾನಿಗೆ ಯಾರು ಜವಾಬ್ದಾರಿ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಒಂದು ಕ್ರಮ ಮಾಡಿಕೊಂಡೆವು. ಮೊದಲು ಲಿಖಿತ ನೋಟಿಸ್. ಮಾಲೀಕರಿಂದ ಒಪ್ಪಿಗೆ ಪತ್ರ, ಕೊರಿಯರ್‌ನಲ್ಲಿ ಕೀಲಿ. ಬಾಗಿಲು ತೆಗೆಯುವಾಗ ಅಕ್ಕಪಕ್ಕದ ಇಬ್ಬರು ಸಾಕ್ಷಿ, ಮಾಲೀಕರು ವಿಡಿಯೋ ಕಾಲ್‌ನಲ್ಲಿ. ಒಳಗೆ ಹೋದವರ ಹೆಸರು, ಸಮಯ ಎಲ್ಲ ಬರೆದು ಸಹಿ.

ಆ ಕುಂದಾಪುರದವರ ಮನೆಯ ಬಾತ್‌ರೂಮ್ ಸೀಲಿಂಗಿನ ಪ್ಲಾಸ್ಟರ್ ಕಳಚಿ ಸರಳು ಹೊರಗೆ ಕಾಣುತ್ತಿತ್ತು. ಎಂಜಿನಿಯರ್ ಸುತ್ತಿಗೆಯಲ್ಲಿ ತಟ್ಟಿದ ಕಡೆಯಲ್ಲೆಲ್ಲ ಟೊಳ್ಳು ಸದ್ದು. ಆಮೇಲೆ ಕಾಂಕ್ರೀಟಿನ ಗುಣಮಟ್ಟ ತಿಳಿಯಲು ಅಲ್ಟ್ರಾಸಾನಿಕ್ (ಶಬ್ದ ತರಂಗದ) ಪರೀಕ್ಷೆ, ಒಳಗಿನ ಕಬ್ಬಿಣದ ತುಕ್ಕು ತಿಳಿಯಲು ಹಾಫ್ ಸೆಲ್ ಎಂಬ ವಿದ್ಯುತ್ ಪರೀಕ್ಷೆ ಮಾಡಿದರು. ಫೋನಿನಲ್ಲಿ ನೋಡುತ್ತಿದ್ದ ಮಾಲೀಕರು, "ಏನು ಬೇಕೋ ಮಾಡಿ, ಕೀಲಿ ನಿಮ್ಮಲ್ಲೇ ಇರಲಿ" ಅಂದರು.

ಅಪಾಯ ಎಷ್ಟಿದೆ ಎಂದು ನೋಡಿ ಪಾಲಿಕೆ ಮಾಡಿರುವ ವರ್ಗಗಳಲ್ಲಿ ನಮ್ಮ ಕಟ್ಟಡ ಸಿ2ಬಿ ವರ್ಗಕ್ಕೆ ಬಂತು. ಅಂದರೆ ಯಾರೂ ಮನೆ ಬಿಡಬೇಕಿಲ್ಲ, ಆದರೆ ಸ್ಟ್ರಕ್ಚರಲ್ ರಿಪೇರಿ ಆಗಲೇಬೇಕು. ಸಿ2ಎ ಆಗಿದ್ದರೆ ಒಂದಷ್ಟು ಭಾಗ ಖಾಲಿ ಮಾಡಬೇಕಿತ್ತು. ಸಿ1 ಅಂದರೆ ಇಡೀ ಕಟ್ಟಡ ಖಾಲಿ ಮಾಡಿಸಿ ಕೆಡವುವುದು. ಅದಕ್ಕೆ ಕಲಂ 354ರ ನೋಟಿಸ್ ಬರುತ್ತೆ.

ಖರ್ಚಿನ ಬಗ್ಗೆ ಜಗಳ ಆಯಿತು. ಬೈಲಾ ತೆಗೆದು ಓದಿದೆವು. ಟೆರೇಸ್, ಹೊರಗೋಡೆ, ಸ್ಟ್ರಕ್ಚರ್ ಸೊಸೈಟಿಯ ಜವಾಬ್ದಾರಿ. ಬಾತ್‌ರೂಮ್ ಸೋರಿಕೆ ಸರಿಮಾಡಿಸಬೇಕಾದದ್ದು ಆ ಮನೆಯವರೇ. ಮೇಲಿನ ಮನೆಯವರು ಮೊದಲು ಗೊಣಗಿದರೂ ನಹಾನಿ ಟ್ರ್ಯಾಪ್ (ಬಾತ್‌ರೂಮ್ ನೆಲದ ನೀರು ಹೋಗುವ ಕಿಂಡಿ) ಬದಲಾಯಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿದರು. ಮೊದಲು ಸೋರುವುದನ್ನು ನಿಲ್ಲಿಸಿ, ಆಮೇಲೆ ಸ್ಲ್ಯಾಬ್ ಮುಟ್ಟಿ. ಉಲ್ಟಾ ಮಾಡಿದರೆ ದುಡ್ಡು ನೀರಿಗೆ ಹೋದ ಹಾಗೆ.

ಈಗ ಸೊಸೈಟಿಯ ವಾರ್ಷಿಕ ಸಭೆಯಲ್ಲಿ (ಎಜಿಎಂ) ಠರಾವು ಆಗಿದೆ. ಬೀಗ ಹಾಕಿದ ಪ್ರತಿ ಮನೆಯವರು ಕೀಲಿ ಇರುವ ಒಬ್ಬರ ಹೆಸರು, ಫೋನ್ ನಂಬರ್ ಕೊಡಬೇಕು. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ಬಾಗಿಲು ತೆಗೆದು ಸೀಲಿಂಗ್ ನೋಡುತ್ತೇವೆ. ಹೆಸರು ಕೊಡದ ಕೆಲವರಿಗೆ ಎರಡನೇ ನೋಟಿಸ್ ಹೋಗಿದೆ.