ಮೊಟ್ಟೆಯ ಪ್ರಶ್ನೆಯನ್ನು ತರಗತಿಯಲ್ಲಿ ತೂಗುವುದು ಹೇಗೆ?

ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುವ ನಾನು ಬಿಸಿಯೂಟದ ಮೊಟ್ಟೆಯ ವಿಷಯವನ್ನು ಮೊದಲ ಸಲ ಚರ್ಚೆಗೆ ಎತ್ತಿಕೊಂಡಾಗ ದೊಡ್ಡದೊಂದು ತಪ್ಪು ಮಾಡಿದೆ. ಬೇಕು ಎನ್ನುವವರು ಎಡಗಡೆ, ಬೇಡ ಎನ್ನುವವರು ಬಲಗಡೆ ಕುಳಿತುಕೊಳ್ಳಿ ಎಂದೆ. ಎರಡೇ ನಿಮಿಷದಲ್ಲಿ ತರಗತಿ ಜಾತಿಯ ಗೆರೆಗೆ ಸರಿಯಾಗಿ ಎರಡು ಹೋಳಾಯಿತು. ಚರ್ಚೆ ಜೋರಾಗಿಯೇ ನಡೆಯಿತು, ಚಪ್ಪಾಳೆಯೂ ಬಿತ್ತು. ಆದರೆ ಆ ದಿನ ಎಡಗಡೆ ಕುಳಿತಿದ್ದ ಒಬ್ಬ ಹುಡುಗಿ ಮುಂದಿನ ಮೂರು ದಿನ ತಟ್ಟೆಗೆ ಮೊಟ್ಟೆ ಹಾಕಿಸಿಕೊಳ್ಳಲಿಲ್ಲ. ಕೇಳಿದರೆ "ಹಸಿವಿಲ್ರಿ ಟೀಚರ್" ಎಂದಳು. ವಿವಾದದ ವಿಷಯಗಳನ್ನು ಮಕ್ಕಳ ಮುಂದಿಡುವ ರೀತಿಯನ್ನು ನಾನು ಬದಲಿಸಿದ್ದು ಅಂದಿನಿಂದ. ಆಮೇಲಿನ ವರ್ಷಗಳಲ್ಲಿ ರೂಢಿಯಾದ ಕ್ರಮವನ್ನು, ಅದೇ ಮೊಟ್ಟೆಯ ಪ್ರಶ್ನೆಯನ್ನು ಇಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ, ಎರಡು ಮಗ್ಗುಲುಗಳಿಂದ ತೂಗಬಹುದಾದ ಪ್ರಶ್ನೆ ಯಾವುದು, ಯಾವುದು ಅಲ್ಲ ಎಂಬುದನ್ನು ಶಿಕ್ಷಕರು ತಮ್ಮಲ್ಲೇ ತೀರ್ಮಾನಿಸಿಕೊಳ್ಳಬೇಕು. ಅಸ್ಪೃಶ್ಯತೆ ಸರಿಯೋ ತಪ್ಪೋ ಎಂಬುದು ಚರ್ಚೆಯ ವಿಷಯವೇ ಅಲ್ಲ. ಸಂವಿಧಾನದ 17ನೇ ವಿಧಿ ಅದನ್ನು ತೊಡೆದುಹಾಕಿದೆ, ಮತ್ತು ಅದರ ಪರವಾಗಿ ಮಾತನಾಡಲು ಒಂದು ಮಗುವನ್ನು ನಿಲ್ಲಿಸುವುದೆಂದರೆ ಪಕ್ಕದಲ್ಲಿ ಕುಳಿತ ಇನ್ನೊಂದು ಮಗುವಿನ ಘನತೆಯನ್ನು ಪಣಕ್ಕಿಟ್ಟಂತೆ. ಬಾಲ್ಯವಿವಾಹಕ್ಕೂ ಇದೇ ಮಾತು ಸಲ್ಲುತ್ತದೆ. ಇಂಥ ಪಿಡುಗುಗಳನ್ನು ಹೇಗೆ ನಿಲ್ಲಿಸಬೇಕು ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಅದನ್ನು ತೂಗಬಹುದು. ಮೊಟ್ಟೆಯ ಪ್ರಶ್ನೆ ಈ ಬಗೆಯದಲ್ಲ. ಅಲ್ಲಿ ಮಕ್ಕಳ ಪೌಷ್ಟಿಕತೆಯೂ ಇದೆ, ಕುಟುಂಬದ ಆಚಾರವೂ ಇದೆ; ಎರಡಕ್ಕೂ ಬೆಲೆಯಿದೆ.

ವಿಷಯದ ಹಿನ್ನೆಲೆಯನ್ನು ಒಂದು ಪಿರಿಯಡ್‌ನಲ್ಲಿ, ನಮ್ಮ ಅಭಿಪ್ರಾಯ ಬೆರೆಸದೆ, ಹೇಳಿ ಮುಗಿಸಬೇಕು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಅಕ್ಷರ ದಾಸೋಹ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾಯಿತು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಲಿಂಗಾಯತ ಮಠಾಧೀಶರು ಬಲವಾಗಿ ವಿರೋಧಿಸಿದರು, ವಿದ್ಯಾರ್ಥಿಗಳೇ ಕೆಲವರು ಮೊಟ್ಟೆ ಬೇಕೆಂದು ಬಹಿರಂಗವಾಗಿ ಮಾತನಾಡಿದರು. ಯೋಜನೆ 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು; 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನ ನೆರವಿನಿಂದ ವಾರದ ಆರೂ ದಿನಕ್ಕೆ ಏರಿತು. ತಿನ್ನದವರಿಗೆ ಬಾಳೆಹಣ್ಣನ್ನು, ಕೆಲ ಕಾಲ ಶೇಂಗಾ ಚಿಕ್ಕಿಯನ್ನು ಕೊಡಲಾಯಿತು. ಇಷ್ಟು ಸಾಕು.

ಇದಾದ ಮೇಲೆ ಪ್ರತಿಯೊಬ್ಬರೂ ತಮ್ಮ ಈಗಿನ ಅಭಿಪ್ರಾಯವನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ತಮ್ಮ ಪಠ್ಯಪುಸ್ತಕದ ರಟ್ಟಿನೊಳಗೆ ಇಟ್ಟುಕೊಳ್ಳಲಿ. ಅದನ್ನು ಯಾರೂ ಓದಬಾರದು, ಶಿಕ್ಷಕರೂ ಓದಬಾರದು. ನಿಮ್ಮ ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಯಾವ ಹಂತದಲ್ಲೂ ಯಾರನ್ನೂ ಕೇಳಕೂಡದು. ನಮ್ಮ ನಾಡಿನಲ್ಲಿ ಆ ಪ್ರಶ್ನೆ ಜಾತಿಯನ್ನು ಕೇಳಿದಂತೆಯೇ; ನಾನು ಮಕ್ಕಳನ್ನು ಎಡಬಲಕ್ಕೆ ಕೂರಿಸಿದಾಗ ಕೇಳಿದ್ದು ವಾಸ್ತವವಾಗಿ ಅದನ್ನೇ.

ಎರಡನೆಯ ದಿನ, ಮಕ್ಕಳು ಮನೆಯಲ್ಲಿ, ಓಣಿಯಲ್ಲಿ, ಪತ್ರಿಕೆಯಲ್ಲಿ ಕೇಳಿದ ಮಾತುಗಳನ್ನೆಲ್ಲ, ಹೇಳಿದವರ ಹೆಸರಿಲ್ಲದೆ, ಕರಿಹಲಗೆಯ ಮೇಲೆ ಬರೆಯಬೇಕು. ನಂತರ ಪ್ರತಿಯೊಂದು ಮಾತಿಗೂ ಒಂದೇ ಪ್ರಶ್ನೆ: ಇದು ಅಳತೆ ಮಾಡಿ ನೋಡಬಹುದಾದ ಸಂಗತಿಯೋ, ಒಬ್ಬರಿಗೆ ಮುಖ್ಯವಾದ ಮೌಲ್ಯವೋ, ಅಥವಾ ಹೀಗೆ ಮಾಡಬೇಕು ಎಂಬ ಸಲಹೆಯೋ? "ಬಾಳೆಹಣ್ಣಿನಲ್ಲೂ ಅಷ್ಟೇ ಸತ್ವ ಇರ್ತದ" ಎಂಬುದು ಸಂಗತಿಯ ಸಾಲಿಗೆ ಸೇರುತ್ತದೆ. "ನಮ್ಮಜ್ಜಿ ಪಾಪ ಅಂತಾಳ್ರಿ" ಎಂಬುದು ಮೌಲ್ಯ. "ಬೇಕಾದವರಿಗೆ ಮನೆಗೇ ಕೊಡಲಿ" ಎಂಬುದು ಸಲಹೆ. ಕೆಲವು ಮಾತುಗಳು ಎಲ್ಲಿಗೆ ಸೇರಬೇಕೆಂದು ಮಕ್ಕಳು ಕಚ್ಚಾಡುತ್ತಾರೆ; ಆ ಕಚ್ಚಾಟವನ್ನು ಅವಸರದಿಂದ ಬಗೆಹರಿಸಬಾರದು, ಏಕೆಂದರೆ ಅವರು ಯೋಚಿಸುತ್ತಿರುವುದು ಅಲ್ಲಿಯೇ.

ಸಂಗತಿಗಳನ್ನು ಪರೀಕ್ಷಿಸುವ ಕೆಲಸಕ್ಕೆ ಎರಡು ಪಿರಿಯಡ್‌ಗಳನ್ನಾದರೂ ಮೀಸಲಿಡಬೇಕು, ಮತ್ತು ಎರಡೂ ಕಡೆಯ ಸಂಗತಿಗಳನ್ನು ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂಗಿಂತ ತುಸು ಹೆಚ್ಚು. ಬಾಳೆಹಣ್ಣು ಸಮ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಶೇಂಗಾದ ಲೆಕ್ಕ ಬೇರೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದರೆ, 6 ಗ್ರಾಂಗೆ ಎಷ್ಟು ಶೇಂಗಾ ಬೇಕು? ಒಬ್ಬ ಹುಡುಗ ಹಲಗೆಯ ಮೇಲೆ ಭಾಗಿಸಿ 24 ಗ್ರಾಂ ಎಂದು ಬರೆದು, ಬೆಲ್ಲವೂ ಸೇರುವುದರಿಂದ ಚಿಕ್ಕಿ ಅದಕ್ಕಿಂತ ತೂಕದ್ದಾಗಿರಬೇಕು ಎಂದು ತಾನೇ ಹೇಳಿದ. ಅದಕ್ಕೆ ಇನ್ನೊಬ್ಬಳು, ಮೊಟ್ಟೆಯಲ್ಲಿರುವ ಬಿ12 ಜೀವಸತ್ವ ಶೇಂಗಾದಲ್ಲಾಗಲಿ ಬಾಳೆಹಣ್ಣಿನಲ್ಲಾಗಲಿ ಸಿಗುವುದಿಲ್ಲ ಎಂದು ವಿಜ್ಞಾನದ ಶಿಕ್ಷಕರಿಂದ ಕೇಳಿಕೊಂಡು ಬಂದಳು.

ಅಂಕಿಅಂಶಗಳ ವಿಷಯದಲ್ಲಿ ಇನ್ನೊಂದು ಪಾಠವಿದೆ. 2019ರಿಂದ 21ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಮೊಟ್ಟೆಯ ಪರವಾದಿಗಳು ಈ ಸಂಖ್ಯೆಗಳನ್ನು ಮುಂದಿಡುತ್ತಾರೆ. ಆದರೆ ಇವು ಇನ್ನೂ ಶಾಲೆಗೆ ಬಾರದ ವಯಸ್ಸಿನವರ ಸಂಖ್ಯೆಗಳು, ಶಾಲೆಯ ಮೊಟ್ಟೆ ತಿನ್ನುವವರು ಅವರಿಗಿಂತ ದೊಡ್ಡವರು. ಇದರಿಂದ ವಾದ ಬಿದ್ದುಹೋಗುವುದಿಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ಕೊರತೆ ಉಂಡವರೇ ಮುಂದೆ ಒಂದನೆಯ ತರಗತಿಗೆ ಬರುತ್ತಾರೆ. ಆದರೂ ಸಂಖ್ಯೆ ಯಾರದ್ದು ಎಂದು ಕೇಳುವ ಅಭ್ಯಾಸ, ನಮಗೆ ಒಪ್ಪಿಗೆಯಾದ ಪಕ್ಷದ ಸಂಖ್ಯೆಯನ್ನೂ ಕೇಳುವ ಅಭ್ಯಾಸ, ಮಕ್ಕಳಿಗೆ ಬರಬೇಕು.

ಮೌಲ್ಯದ ಮಾತುಗಳನ್ನು ಹೀಗೆ ಅಳೆಯಲಾಗದು. ಅಜ್ಜಿಯ "ಪಾಪ" ಎಂಬ ಮಾತಿಗೆ ಪ್ರೋಟೀನಿನ ಲೆಕ್ಕ ಉತ್ತರವಲ್ಲ. ಅದರ ಹಿಂದೆ ಅಹಿಂಸೆಯ ನಂಬಿಕೆಯಿದೆ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. ಜನರ ಪೌಷ್ಟಿಕತೆಯ ಮಟ್ಟವನ್ನು ಏರಿಸುವುದು ಸರ್ಕಾರದ ಕರ್ತವ್ಯ ಎಂದು 47ನೇ ವಿಧಿ ಹೇಳುತ್ತದೆ. ಇಲ್ಲಿ ನಾನು ಕೇಳಿಸುವ ಪ್ರಶ್ನೆ ಇದು: ಈ ನಿರ್ಧಾರದಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಮತ್ತು ಕಳೆದುಕೊಂಡದ್ದನ್ನು ಬೇರೆ ದಾರಿಯಿಂದ ತುಂಬಿಕೊಡಬಹುದೇ? ಮೊಟ್ಟೆ ತಿನ್ನದ ಮಗುವಿಗೆ ಬೇರೊಂದು ಆಹಾರ ಕೊಡಬಹುದು. ಮನೆಯಲ್ಲಿ ಮೊಟ್ಟೆ ಕೊಳ್ಳಲಾಗದ ಮಗುವಿಗೆ ಶಾಲೆಯೂ ಕೊಡದಿದ್ದರೆ ಎಲ್ಲಿಂದ ಬರಬೇಕು? ಹೀಗೆ ಕೇಳಿದಾಗ ತಕ್ಕಡಿ ಒಂದು ಕಡೆಗೆ ವಾಲಿದರೆ ವಾಲಲಿ. ತೂಗುವುದೆಂದರೆ ಮುಳ್ಳನ್ನು ಬಲವಂತವಾಗಿ ನಡುವೆ ನಿಲ್ಲಿಸುವುದಲ್ಲ.

ಮುಂದಿನದು ನನಗೆ ಅತ್ಯಂತ ಮುಖ್ಯವೆನಿಸುವ ಹಂತ. ಕರಾವಳಿಯಲ್ಲಿ ಬೆಳೆದ ನಾನು ಇದನ್ನು ತಾಳಮದ್ದಳೆಯಿಂದ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ, ಕಲಿತೆ. ಅಲ್ಲಿ ನಿನ್ನೆ ರಾಮನ ಅರ್ಥ ಹೇಳಿದ ಅರ್ಥಧಾರಿ ನಾಳೆ ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ಎರಡು ಪಾತ್ರಗಳಿಗೂ ಜೀವ ತುಂಬಬಲ್ಲವನನ್ನು ಜನ ಮೆಚ್ಚುತ್ತಾರೆ. ತರಗತಿಯಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಚೀಟಿ ಎತ್ತಿಸಿ ಪಕ್ಷಗಳನ್ನು ಹಂಚಿ, ಒಬ್ಬ ವಿದ್ಯಾರ್ಥಿ ಐದು ನಿಮಿಷ ಮಾತನಾಡಿದ ಬಳಿಕ ಎದುರಿನವನು ಆ ವಾದವನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಬೇಕೆಂದು ವಿಧಿಸಬೇಕು. ಮೊದಲನೆಯವನು "ಹೌದ್ರಿ, ನಾ ಹೇಳಿದ್ದು ಇದ" ಎಂದು ಒಪ್ಪುವ ತನಕ ಎರಡನೆಯವನಿಗೆ ಉತ್ತರ ಕೊಡುವ ಹಕ್ಕಿಲ್ಲ. ಆಮೇಲೆ ಪಕ್ಷ ಅದಲುಬದಲು. ಪಕ್ಷ ಬಂದದ್ದು ಚೀಟಿಯಿಂದ ಎಂದು ಎಲ್ಲರಿಗೂ ಗೊತ್ತಿರುವುದರಿಂದ, ಮಾತಿನಿಂದ ಯಾರ ಮನೆಯ ಅಡುಗೆಯೂ ಬಯಲಾಗುವುದಿಲ್ಲ.

ನಿಮ್ಮ ಅಭಿಪ್ರಾಯವೇನು ಟೀಚರ್ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮಕ್ಕಳು ತಮ್ಮ ತೀರ್ಮಾನವನ್ನು ಅಂಕಕ್ಕಾಗಿ ಬರೆದು ಮುಗಿಸುವವರೆಗೆ ಹೇಳಬಾರದು. ಹೇಳಿದರೆ ಅದನ್ನೇ ಬರೆಯುವವರು ಇರುತ್ತಾರೆ. ಮುಗಿದ ಮೇಲೆ ಕಾರಣಸಹಿತ ಹೇಳುವುದರಲ್ಲಿ ತಪ್ಪಿಲ್ಲ, ಮುಚ್ಚಿಡುವುದು ಪ್ರಾಮಾಣಿಕವೂ ಅಲ್ಲ. ಮೊಟ್ಟೆ ಇರಬೇಕು ಎಂಬುದು ನನ್ನ ನಿಲುವು, ಹಾಗೆಂದೇ ಹೇಳುತ್ತೇನೆ. ಅಂಕ ಕೊಡುವಾಗ ಮಾತ್ರ ವಿದ್ಯಾರ್ಥಿಯ ತೀರ್ಮಾನವನ್ನು ಬದಿಗಿಟ್ಟು, ಎದುರು ಪಕ್ಷದ ಅತಿ ಗಟ್ಟಿಯಾದ ವಾದವನ್ನು ಆತ ಎದುರಿಸಿದ್ದಾನೆಯೇ ಅಥವಾ ಬಡಕಲಾದದ್ದನ್ನು ಆರಿಸಿ ಹೊಡೆದಿದ್ದಾನೆಯೇ ಎಂದು ನೋಡುತ್ತೇನೆ.

ಕೊನೆಯ ದಿನ ಮೊದಲಿನ ಚೀಟಿಯನ್ನು ತೆಗೆದು, ಅದರ ಕೆಳಗೆ ಈಗ ಏನನ್ನಿಸುತ್ತದೆ ಎಂದು ಬರೆಯಬೇಕು. ಇಷ್ಟವಿದ್ದವರು ಮಾತ್ರ ಓದಬಹುದು. ಕಳೆದ ಸಲ ಒಬ್ಬಳು ಎದ್ದು ನಿಂತು ಓದಿದಳು: "ನಾನು ಮೊಟ್ಟೆ ತಿನ್ನುವುದಿಲ್ಲ, ಮುಂದೆಯೂ ತಿನ್ನುವುದಿಲ್ಲ. ಆದರೆ ತಿನ್ನುವವರಿಗೆ ಒಂದು ಸಾಲು, ನಮಗೆ ಒಂದು ಸಾಲು ಯಾಕೆ?" ನಮ್ಮಲ್ಲಿ ಊಟಕ್ಕೆ ಎರಡು ಸಾಲು ಇರುವುದನ್ನು ನಾನು ದಿನವೂ ನೋಡುತ್ತಿದ್ದರೂ ಅದು ಪ್ರಶ್ನೆಯಾಗಿ ಕಂಡಿರಲಿಲ್ಲ. ಆ ಮಧ್ಯಾಹ್ನ ನಾಲ್ಕು ಮಕ್ಕಳು ಅಡುಗೆಯ ಅಕ್ಕನವರ ಬಳಿ ಹೋಗಿ ಮಾತನಾಡಿಕೊಂಡು ಬಂದರು. ಮರುದಿನದಿಂದ ಮೊಟ್ಟೆಯ ಪಾತ್ರೆ, ಬಾಳೆಹಣ್ಣಿನ ಬುಟ್ಟಿ ಎರಡೂ ಒಂದೇ ಬೆಂಚಿನ ಮೇಲೆ ಬಂದು ಕುಳಿತವು, ಸಾಲು ಒಂದೇ ಆಯಿತು.